ಬಾರ್ಸಿಲೋನಾದಲ್ಲೊಂದು ಬಾಡಿಗೆ ಬಿಡಾರ

ಬಾರ್ಸಿಲೋನಾ ನಗರದ ಕಡಲಂಚಿನ ಬಡಾವಣೆ ಬಾರ್ಸಿಲೊನೆಟಾ. ಅಲ್ಲಿ ಬೆಳಗು ಹರಿಯುವುದು ಎರಡು ಸದ್ದುಗಳೊಂದಿಗೆ. ಮೊದಲನೆಯದು ಠಣ್ ಠಣ್ ಎಂಬ ಲೋಹದ ಸದ್ದು. ಕಿತ್ತಳೆ ಬಣ್ಣದ ಅಡುಗೆ ಅನಿಲದ ಸಿಲಿಂಡರುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದವನು ಕಬ್ಬಿಣದ ತುಂಡಿನಿಂದ ಸಿಲಿಂಡರಿಗೇ ಬಡಿದು ತಾನು ಬಂದದ್ದನ್ನು ಸಾರುತ್ತಾನೆ. ಮೇಲಿನ ಯಾವುದೋ ಬಾಲ್ಕನಿಯಿಂದ ಅಜ್ಜಿಯೊಬ್ಬಳು ಬಗ್ಗಿ ನೋಡಿ ಒಂದು ಬೆರಳೆತ್ತುತ್ತಾಳೆ. ಆತ ಸಿಲಿಂಡರನ್ನು ಹೆಗಲಿಗೇರಿಸಿ ಲಿಫ್ಟಿಲ್ಲದ ಕಡಿದಾದ ಮೆಟ್ಟಿಲು ಹತ್ತುತ್ತಾನೆ. ಈ ಕೆಲಸದಲ್ಲಿರುವವರಲ್ಲಿ ಪಾಕಿಸ್ತಾನದಿಂದ ಬಂದು ನೆಲೆಸಿದವರು ಬಹಳ ಮಂದಿ.

ಎರಡನೆಯದು ಗಡಗಡ ಸದ್ದು. ಕಲ್ಲು ಹಾಸಿದ ಓಣಿಯಲ್ಲಿ ಉರುಳುವ ಸೂಟ್‌ಕೇಸಿನ ಪುಟ್ಟ ಚಕ್ರಗಳದ್ದು. ಮುಂಜಾವಿನ ವಿಮಾನ ಹಿಡಿಯಲು ಹೊರಟವರು ಕೆಲವರು, ರಾತ್ರಿ ವಿಮಾನದಲ್ಲಿ ಬಂದಿಳಿದು ಕೈಯಲ್ಲಿ ಫೋನು ಹಿಡಿದು ಬಾಗಿಲಿನ ಸಂಖ್ಯೆ ಹುಡುಕುತ್ತಿರುವವರು ಇನ್ನು ಕೆಲವರು. ಹಾಸಿಗೆಯಲ್ಲಿ ಕಣ್ಣುಮುಚ್ಚಿಕೊಂಡೇ ಇಲ್ಲಿಯ ಜನ ಹೇಳಬಲ್ಲರು: ಠಣ್ ಎಂದರೆ ಊರಿನವರ ಒಲೆಗೆ, ಗಡಗಡ ಎಂದರೆ ಪರಊರಿನವರ ಬಿಡಾರಕ್ಕೆ. ಕಳೆದ ಕೆಲವು ದಶಕಗಳಲ್ಲಿ ಎರಡನೆಯ ಸದ್ದು ಏರುತ್ತ ಹೋಗಿದೆ. ಈ ಊರಿನ ಸಂತೋಷವೂ ಸಂಕಟವೂ ಅದರಲ್ಲೇ ಇದೆ.

ಭಾರತದ ಬಹುಮಂದಿಗೆ ಬಾರ್ಸಿಲೋನಾ ಎಂಬ ಹೆಸರು ಪರಿಚಯವಾದದ್ದು 1992ರ ಒಲಿಂಪಿಕ್ಸ್‌ನಿಂದ. ಭಾರತದ ತಂಡ ಒಂದು ಪದಕವೂ ಇಲ್ಲದೆ ಬರಿಗೈಯಲ್ಲಿ ಮರಳಿದ ಕೂಟ ಅದು. ಬಾರ್ಸಿಲೋನಾ ಮಾತ್ರ ಆ ಹದಿನಾರು ದಿನಗಳಲ್ಲಿ ಜಗತ್ತನ್ನೇ ಗೆದ್ದುಕೊಂಡಿತು. ಅಲ್ಲಿಂದಾಚೆಗೆ ಸ್ಪೇನ್ ದೇಶದ ಕತಲೂನ್ಯಾ ಪ್ರಾಂತ್ಯದ ಈ ರಾಜಧಾನಿಗೆ ಪ್ರವಾಸಿಗಳ ಪ್ರವಾಹ ನಿಂತದ್ದೇ ಇಲ್ಲ. 16 ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಊರು; ಹಿಂದೆ ಗುಡ್ಡ, ಮುಂದೆ ಮೆಡಿಟರೇನಿಯನ್ ಕಡಲು; ಹಿಗ್ಗಲು ಜಾಗವಿಲ್ಲ. ಬಂದವರೆಲ್ಲ ಇಳಿದುಕೊಳ್ಳುವುದೆಲ್ಲಿ?

ಹೋಟೆಲು ಬೇಡ, ಮನೆಯೇ ಬೇಕು

ಹೋಟೆಲಿನ ಕೋಣೆಯಲ್ಲಿ ಮಲಗಬಹುದೇ ಹೊರತು ಬದುಕಲಾಗದು ಎಂಬುದು ಹಲವು ಪ್ರವಾಸಿಗಳ ದೂರು. ಮಕ್ಕಳಿದ್ದರೆ ಹಾಲು ಕಾಯಿಸಬೇಕು, ಬಟ್ಟೆ ಒಗೆಯಬೇಕು. ಸಸ್ಯಾಹಾರಿಗಳಾದರಂತೂ ಕೇಳುವುದೇ ಬೇಡ. ಮೀನು, ಹಂದಿಮಾಂಸಗಳೇ ಪ್ರಧಾನವಾದ ಈ ನಾಡಿನಲ್ಲಿ ಮೂರನೆಯ ದಿನಕ್ಕೆ ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ ಎಣ್ಣೆ ಸುರಿದ ತಿನಿಸೂ ಸಾಕೆನಿಸುತ್ತದೆ. ಹೀಗಾಗಿ ನಗರದ ನಡುಮಧ್ಯದಲ್ಲಿ ಅಡುಗೆಮನೆ ಸಹಿತ ಅಪಾರ್ಟ್‌ಮೆಂಟನ್ನೇ ನಾಲ್ಕಾರು ದಿನಗಳಿಗೆ ಬಾಡಿಗೆ ಹಿಡಿಯುವ ರೂಢಿ ಬಂತು. ಇಂಟರ್‌ನೆಟ್ಟು ಬಂದಮೇಲೆ ಅದು ಬೆರಳ ತುದಿಯ ಕೆಲಸವಾಯಿತು.

ನಗರಮಧ್ಯ ಎಂದರೆ ಇಲ್ಲಿ ಕತಲೂನ್ಯಾ ಚೌಕ. ವಿಮಾನ ನಿಲ್ದಾಣದ ಬಸ್ಸು ಪ್ರವಾಸಿಯನ್ನು ತಂದು ಇಳಿಸುವುದೂ ಅಲ್ಲಿಗೇ. ಚೌಕದಿಂದ ಕಡಲಿನತ್ತ ಇಳಿಯುವ 1.2 ಕಿಲೋಮೀಟರ್ ಉದ್ದದ ಮರಗಳ ಸಾಲಿನ ದಾರಿಯೇ ಪ್ರಸಿದ್ಧ ರಾಂಬ್ಲಾ. ಎಡಕ್ಕೆ ಗೋಥಿಕ್ ಕಾಲದ ಹಳೇ ಪೇಟೆ, ಬಲಕ್ಕೆ ರಾವಲ್ ಬಡಾವಣೆ, ಕೊನೆಯಲ್ಲಿ 1888ರಲ್ಲಿ ನಿಲ್ಲಿಸಿದ ಕೊಲಂಬಸ್ ಸ್ತಂಭ. ಅಲ್ಲಿಂದ ಬಂದರಿನ ಗುಂಟ ಎಡಕ್ಕೆ ನಡೆದರೆ ಬಾರ್ಸಿಲೊನೆಟಾ, ಅದರಾಚೆ ಮರಳು, ಅದರಾಚೆ ನೀಲಿ ನೀರು. ಊರಿನ ನಡುವೆ ಮಲಗಿದವನು ಬೆಳಗ್ಗೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಕಡಲಿಗೆ ನಡೆದೇ ಹೋಗಬಹುದು. ಇಂಥ ಅನುಕೂಲ ಯೂರೋಪಿನ ದೊಡ್ಡ ನಗರಗಳಲ್ಲಿ ಅಪರೂಪ. ರಾಂಬ್ಲಾದ ಗಿಜಿಗುಡುವ ಜನಜಂಗುಳಿಯಲ್ಲಿ ಕಿಸೆಯ ಮೇಲೊಂದು ಕೈ ಇಟ್ಟುಕೊಂಡಿರಬೇಕು, ಅಷ್ಟೆ.

ರಾವಲ್‌ನಲ್ಲಿ ಭಾರತದ ಪ್ರವಾಸಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಬೀದಿಯಲ್ಲಿ ಕಿವಿಗೆ ಬೀಳುವುದು ಪಂಜಾಬಿ, ಉರ್ದು, ಬಂಗಾಳಿ. ಕಿರಾಣಿ ಅಂಗಡಿಯಲ್ಲಿ ಬಾಸ್ಮತಿ ಅಕ್ಕಿ, ತೊಗರಿಬೇಳೆ, ಅರಿಶಿನ, ಜೀರಿಗೆ ಎಲ್ಲ ಉಂಟು. ಸಂಜೆ ಬಿಡಾರದ ಕುಕ್ಕರು ಸೀಟಿ ಹಾಕಿದರೆ ಮೆಡಿಟರೇನಿಯನ್ ದಂಡೆಯಲ್ಲಿ ಅನ್ನ-ಸಾರಿನ ಘಮ!

ಒಂದನೇ ಮಹಡಿ ಎಲ್ಲಿದೆ?

ಮಧ್ಯನಗರದ ಬಾಡಿಗೆ ಬಿಡಾರಗಳು ಹೆಚ್ಚಾಗಿರುವುದು ಎರಡು ಬಗೆಯ ಕಟ್ಟಡಗಳಲ್ಲಿ. ಒಂದು ಎಶಾಂಪ್ಲ ಬಡಾವಣೆಯವು. 'ವಿಸ್ತರಣೆ' ಎಂಬುದೇ ಆ ಹೆಸರಿನ ಅರ್ಥ. ಉಸಿರುಗಟ್ಟಿದ್ದ ಹಳೇ ಊರಿನ ಕೋಟೆಗೋಡೆಯನ್ನು 1854ರಿಂದ ಕೆಡವಲಾರಂಭಿಸಿದ ಮೇಲೆ ಹೊರಗಿನ ಬಯಲಿಗೆ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ 1859ರಲ್ಲಿ ನಕ್ಷೆ ಹಾಕಿದ. ಚದುರಂಗದ ಹಾಸಿನಂಥ ಬೀದಿಗಳು. ಒಂದೊಂದು ಚೌಕವೂ 113 ಮೀಟರಿನದು, ಬೀದಿಗಳು 20 ಮೀಟರ್ ಅಗಲ. ಚೌಕದ ನಾಲ್ಕೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದರಿಂದ ಪ್ರತಿ ಕೂಡುರಸ್ತೆಯಲ್ಲೂ ಬೆಳಕು, ಗಾಳಿ. ಕಟ್ಟಡಗಳ ನಡುವೆ ತೋಟ ಇರಬೇಕು, ಬಡವ ಬಲ್ಲಿದರಿಗೆಲ್ಲ ಒಂದೇ ಸಮನೆ ಬಿಸಿಲು ಸಿಗಬೇಕು ಎಂಬುದು ಸೆರ್ದಾನ ಕನಸು. ತೋಟದ ಜಾಗವನ್ನು ಆಮೇಲಿನವರು ಬಹುಪಾಲು ಕಟ್ಟಿಮುಗಿಸಿದರು. ಬೆಳಕು ಮಾತ್ರ ಉಳಿದಿದೆ.

ಇಲ್ಲಿ ಮೊದಲ ಸಲ ಬಂದವರು ತಪ್ಪದೆ ಎಡವುವುದು ಮಹಡಿ ಎಣಿಕೆಯಲ್ಲಿ. 'ನಿಮ್ಮದು ಒಂದನೇ ಮಹಡಿ' ಎಂದು ನಂಬಿ ಸೂಟ್‌ಕೇಸು ಎತ್ತಿಕೊಂಡು ಹೊರಟರೆ ಮೊದಲು ಸಿಗುವುದು 'ಎಂಟ್ರೆಸೋಲ್', ಆಮೇಲೆ 'ಪ್ರಿನ್ಸಿಪಾಲ್', ಅದಾದ ಮೇಲೆ 'ಒಂದು'. ಅಂದರೆ ಒಂದನೇ ಮಹಡಿ ಎಂದರೆ ಮೂರನೇ ಮಹಡಿ! ಹಿಂದೆ ಕಟ್ಟಡದ ಒಡೆಯನ ಕುಟುಂಬ ವಾಸಿಸುತ್ತಿದ್ದದ್ದು ಪ್ರಿನ್ಸಿಪಾಲ್‌ನಲ್ಲಿ. ಬಾಡಿಗೆಯವರು ಮೇಲಕ್ಕೆ ಹೋದಷ್ಟೂ ಚಾವಣಿ ತಗ್ಗುತ್ತಿತ್ತು, ಬಾಡಿಗೆಯೂ ತಗ್ಗುತ್ತಿತ್ತು. ಲಿಫ್ಟು ಬಂದಮೇಲೆ ಲೆಕ್ಕ ತಿರುಗಿತು. ಮೇಲೆ ಹೋದಷ್ಟೂ ಗಾಳಿ, ನೋಟ. ಅದಕ್ಕೆ ತಕ್ಕ ಬೆಲೆ.

ಒಳಗೆ ಹೋದರೆ ಎತ್ತರದ ಚಾವಣಿ, ನೆಲಕ್ಕೆ ಹೂಬಳ್ಳಿಯ ಚಿತ್ತಾರದ ಸಿಮೆಂಟ್ ಹೆಂಚು, ಬೀದಿಗೆ ಒಂದು ಬಾಲ್ಕನಿ, ಹಿಂದಕ್ಕೆ ಒಳಚೌಕದ ಕಿಟಕಿ. ಊರಿನ ನಿಜವಾದ ಬದುಕು ತಿಳಿಯುವುದು ಈ ಹಿಂದಿನ ಕಿಟಕಿಯಿಂದಲೇ. ಹಗ್ಗದ ಮೇಲೆ ಪಕ್ಕದ ಮನೆಯ ಮಗುವಿನ ಅಂಗಿ, ಕೆಳಗಿನ ಮನೆಯಲ್ಲಿ ಈರುಳ್ಳಿ ಹುರಿಯುವ ವಾಸನೆ, ಯಾರದೋ ಕೆಮ್ಮು, ಯಾರದೋ ರೇಡಿಯೊ. ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತರ ಮೇಲೆ. ಹತ್ತು ಗಂಟೆಗೆ ತಟ್ಟೆ ಚಮಚಗಳ ಸದ್ದು ಕೇಳಿದಾಗ, ಬೇಗ ಉಂಡು ಮಲಗಿದ ಪ್ರವಾಸಿ ಎದ್ದು ಕೂರುತ್ತಾನೆ. ಹಳೇ ಬೆಂಗಳೂರಿನ ವಠಾರದಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಒಬ್ಬರ ಮನೆಯ ಸುದ್ದಿ ಹತ್ತು ಮನೆಗೆ ಗೊತ್ತು. ಒಬ್ಬರ ಮನೆಯಲ್ಲಿ ಬೆಳಗ್ಗೆ ಕಿಟಕಿ ತೆರೆಯದಿದ್ದರೆ ಹತ್ತು ಮನೆಯವರು ವಿಚಾರಿಸುತ್ತಾರೆ.

ಮನೆಯ ಕಾಲು ಭಾಗ

ಎರಡನೆಯ ಬಗೆ ಬಾರ್ಸಿಲೊನೆಟಾದ ಕಿರುಮನೆಗಳು. ಇವುಗಳ ಕಥೆ ಒಂದು ಸೋಲಿನಿಂದ ಆರಂಭವಾಗುತ್ತದೆ. 1714ರ ಸೆಪ್ಟೆಂಬರ್ 11ರಂದು ದೀರ್ಘ ಮುತ್ತಿಗೆಯ ನಂತರ ಬಾರ್ಸಿಲೋನಾ ದೊರೆ ಐದನೇ ಫಿಲಿಪ್‌ನ ಸೈನ್ಯಕ್ಕೆ ಶರಣಾಯಿತು. ಊರು ಮತ್ತೆ ತಲೆಯೆತ್ತದಂತೆ ಕಾಯಲು ದೊರೆ ಸಿಯುತಾದೆಲ್ಯಾ ಎಂಬ ದೊಡ್ಡ ಕೋಟೆ ಕಟ್ಟಿಸಿದ. ಕೋಟೆಗೆ ಬೇಕಾದ ಬಯಲಿಗಾಗಿ ಲಾ ರಿಬೇರಾ ಬಡಾವಣೆಯ ಸುಮಾರು ಸಾವಿರ ಮನೆಗಳು ನೆಲಸಮವಾದವು. ಬೆಸ್ತರು, ನಾವಿಕರು, ಕುಶಲಕರ್ಮಿಗಳು ಬೀದಿಗೆ ಬಿದ್ದರು. ನಾಲ್ಕು ದಶಕಗಳು ಕಳೆದ ಮೇಲೆ, 1753ರಲ್ಲಿ, ಬಂದರಿನ ಪಕ್ಕದ ಮರಳುದಿಬ್ಬದ ಮೇಲೆ ಹೊಸ ಬಡಾವಣೆಗೆ ಅಡಿಗಲ್ಲು ಬಿತ್ತು. ಸೇನಾ ಎಂಜಿನಿಯರು ಹಾಕಿದ ನಕ್ಷೆಯಾದ್ದರಿಂದ ಓಣಿಗಳೆಲ್ಲ ಕವಾಯತಿಗೆ ನಿಂತ ಸಿಪಾಯಿಗಳಂತೆ ನೇರ, ಸಾಲುಸಾಲು. ಮನೆಗಳು ಸುಮಾರು ಎಂಟೂವರೆ ಮೀಟರಿನ ಚೌಕ. ಕೆಳಗೆ ಒಂದು, ಮೇಲೆ ಒಂದು ಅಂತಸ್ತು. ಬಿಸಿಲಿಗೂ ಕಡಲಗಾಳಿಗೂ ಅಡ್ಡಿಯಾಗಬಾರದೆಂದು ಎತ್ತರಕ್ಕೆ ಮಿತಿ.

ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಖಾನೆಗಳು ಬಂದವು, ಕೂಲಿಯವರು ಬಂದರು. ಮನೆಗಳ ಮೇಲೆ ಮಹಡಿಗಳು ಏರಿದವು. ಒಂದೊಂದು ಮಹಡಿಯೂ ಮೊದಲು ಎರಡು ಹೋಳಾಯಿತು, ಆಮೇಲೆ ನಾಲ್ಕು ಹೋಳಾಯಿತು. ಹೀಗೆ ಹುಟ್ಟಿದ್ದೇ 'ಕಾಲುಮನೆ'. ಮೂವತ್ತು ಚದರ ಮೀಟರಿನ ಆಸುಪಾಸು. ಅದರಲ್ಲೇ ಅಡುಗೆ, ಊಟ, ನಿದ್ದೆ, ಹೆರಿಗೆ, ಸಾವು. ಇಷ್ಟು ಇಕ್ಕಟ್ಟಾದ ಮನೆಯಿದ್ದವರಿಗೆ ಓಣಿಯೇ ಹಜಾರ. ಬೇಸಿಗೆಯ ಸಂಜೆ ಕುರ್ಚಿಗಳನ್ನು ಬಾಗಿಲಾಚೆ ಹಾಕಿಕೊಂಡು ಹಿರಿಯರು ಹರಟೆಗೆ ಕೂರುವ ಪದ್ಧತಿ ಇಂದೂ ಅಲ್ಲಲ್ಲಿ ಕಾಣುತ್ತದೆ.

ಈ ಬಡಾವಣೆಯ ಅಂಚಿನಲ್ಲಿ, ಮೀನುಗಾರರ ಧಕ್ಕೆಯ ಮೇಲೆ, ಒಂದು ಗಡಿಯಾರದ ಗೋಪುರವಿದೆ. ಹದಿನೆಂಟನೇ ಶತಮಾನದಲ್ಲಿ ಅದು ದೀಪಸ್ತಂಭವಾಗಿತ್ತು. ಉತ್ತರಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗವೇ 'ಮೀಟರ್' ಎಂದು ಫ್ರೆಂಚರು ಗೊತ್ತುಮಾಡಿದಾಗ, ಡನ್‌ಕರ್ಕ್‌ನಿಂದ ಬಾರ್ಸಿಲೋನಾವರೆಗಿನ ಭೂಮಿಯನ್ನು ಅಳೆಯಲು 1792ರಲ್ಲಿ ಹೊರಟ ಖಗೋಳ ವಿಜ್ಞಾನಿ ಪಿಯೆರ್ ಮೆಷಾಂ ಇದೇ ಗೋಪುರವನ್ನು ತನ್ನ ಅಳತೆಗೆ ಬಳಸಿಕೊಂಡ. ಜಗತ್ತಿಗೆ ಮೀಟರು ಕೊಡಲು ನೆರವಾದ ಓಣಿಗಳಲ್ಲಿ ಇಂದು ಒಂದೊಂದು ಚದರ ಮೀಟರಿಗೂ ಜಗಳ!

ಬೆನ್ನು ತಿರುಗಿಸಿದ್ದ ಕಡಲು

ಈಗ ಪ್ರವಾಸಿಗಳು ಮೈಚಾಚಿ ಮಲಗುವ ಮರಳದಂಡೆ ಹಿಂದೆ ಹೀಗಿರಲಿಲ್ಲ. ಬಾರ್ಸಿಲೋನಾ ಕಡಲಿಗೆ ಬೆನ್ನು ಹಾಕಿ ಕೂತ ಊರು ಎಂಬ ಮಾತೇ ಇತ್ತು. ದಂಡೆಯುದ್ದಕ್ಕೂ ಕಾರ್ಖಾನೆಗಳು, ರೈಲುಹಳಿ, ಚರಂಡಿ ನೀರು. ಬಾರ್ಸಿಲೊನೆಟಾದ ಆಚೆಗೆ ಸೊಮೊರೊಸ್ತ್ರೊ ಎಂಬ ಗುಡಿಸಲುಗಳ ಕೇರಿ ಇತ್ತು. ಫ್ಲಮೆಂಕೊ ನೃತ್ಯದ ಮಹಾನ್ ಕಲಾವಿದೆ ಕಾರ್ಮೆನ್ ಅಮಾಯಾ ಹುಟ್ಟಿದ್ದು ಆ ಕೇರಿಯಲ್ಲಿ. ಬಿರುಗಾಳಿ ಬಂದಾಗ ಅಲೆಗಳು ಗುಡಿಸಲುಗಳನ್ನೇ ಎಳೆದೊಯ್ಯುತ್ತಿದ್ದವು. 1966ರಲ್ಲಿ ಸರ್ಕಾರ ಅದನ್ನು ಪೂರ್ತಿ ತೆರವು ಮಾಡಿಸಿತು. ಒಲಿಂಪಿಕ್ಸ್ ನೆಪದಲ್ಲಿ ಹಳಿಗಳು ಸರಿದವು, ಕಾರ್ಖಾನೆಗಳ ಜಾಗದಲ್ಲಿ ಕ್ರೀಡಾಗ್ರಾಮ ಎದ್ದಿತು, ಮರಳು ತಂದು ಸುರಿದು ಕಿಲೋಮೀಟರುಗಟ್ಟಲೆ ದಂಡೆ ಮಾಡಲಾಯಿತು. ನೀರಿನಂಚಿಗೇ ಮೇಜು ಹಾಕಿ ಮೀನೂಟ ಬಡಿಸುತ್ತಿದ್ದ ಬಾರ್ಸಿಲೊನೆಟಾದ ಹಳೇ ಖಾನಾವಳಿಗಳೂ ಅದೇ ಹೊತ್ತಿನಲ್ಲಿ ಮಾಯವಾದವು.

ಸರ್ವಾಂತೆಸ್‌ನ ಡಾನ್ ಕ್ವಿಕ್ಸೋಟ್ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುವುದು ಬಾರ್ಸಿಲೋನಾದಲ್ಲಿ. ಅವನು ಕೊನೆಯದಾಗಿ ಸೋತು ಮಣ್ಣುಮುಕ್ಕುವುದೂ ಇದೇ ಕಡಲ ದಂಡೆಯಲ್ಲಿ. ಈ ದಂಡೆ ತೋರಿಸುವ ಸೊಗಸಿನ ಬೆನ್ನಿಗೇ ಒಂದು ಸೋಲೂ ಇರುತ್ತದೆ ಎಂದು ಬಾರ್ಸಿಲೊನೆಟಾದ ಹಳಬರು ಹೇಳಿದರೆ ಅಚ್ಚರಿಯಿಲ್ಲ.

ಮೆಟ್ಟಿಲ ಮೇಲಿನ ಜಗಳ

ಇಕ್ಕಟ್ಟಿನ ಕಾಲುಮನೆಯನ್ನು ಊರಿನವರಿಗೆ ತಿಂಗಳಿಗೆ ಕೊಡುವುದಕ್ಕಿಂತ ಪ್ರವಾಸಿಗೆ ದಿನಕ್ಕೆ ಕೊಟ್ಟರೆ ಲಾಭ ಹೆಚ್ಚು. ಈ ಸರಳ ಲೆಕ್ಕ ಒಂದೊಂದೇ ಕಟ್ಟಡವನ್ನು ಹೊಕ್ಕಿತು. ಮುದುಕಿಯೊಬ್ಬಳು ತೀರಿಕೊಂಡರೆ ಅವಳ ಮನೆಗೆ ಹೊಸ ಬೀಗ, ಗೋಡೆಗೆ ಬಿಳಿ ಬಣ್ಣ, ಬಾಗಿಲ ಬದಿಗೆ ಅಂಕಿ ಒತ್ತಿ ಕೀಲಿ ತೆಗೆಯುವ ಪೆಟ್ಟಿಗೆ. ನಾಲ್ಕು ದಿನಕ್ಕೊಮ್ಮೆ ನೆರೆಹೊರೆ ಬದಲಾಗತೊಡಗಿತು. ಬಂದವರು ಕೆಟ್ಟವರೆಂದಲ್ಲ, ರಜೆಯಲ್ಲಿದ್ದವರು. ಅವರಿಗೆ ನಡುರಾತ್ರಿ ಎರಡು ಗಂಟೆ ಎಂದರೆ ಸಂಜೆ. ಪಕ್ಕದ ಗೋಡೆಯಾಚೆ ಮಲಗಿದವನಿಗೆ ಬೆಳಗ್ಗೆ ಐದಕ್ಕೆ ಪಾಳಿ.

2014ರ ಆಗಸ್ಟ್‌ನಲ್ಲಿ ಸಹನೆಯ ಕಟ್ಟೆಯೊಡೆಯಿತು. ಇಟಲಿಯ ಮೂವರು ಯುವಕರು ಹಾಡಹಗಲೇ ಬಾರ್ಸಿಲೊನೆಟಾದ ಬೀದಿಯಲ್ಲಿ ಬೆತ್ತಲೆಯಾಗಿ ಅಡ್ಡಾಡಿದರು, ಅಂಗಡಿಯನ್ನೂ ಹೊಕ್ಕರು. ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಜನ ಬೀದಿಗಿಳಿದರು. 'ಪ್ರವಾಸಿ ಮನೆ ಒಂದೂ ಬೇಡ' ಎಂಬ ಬರಹದ ಬಟ್ಟೆಗಳು, ಒಗೆದ ಬಟ್ಟೆಗಳ ಜೊತೆಯಲ್ಲೇ ಬಾಲ್ಕನಿಗಳಲ್ಲಿ ತೂಗಾಡಿದವು. ಅದೇ ವರ್ಷ ನಗರಸಭೆ ಹೊಸ ಪರವಾನಗಿಗಳಿಗೆ ತಡೆ ಹಾಕಿತು. ವಸತಿ ಹಕ್ಕಿನ ಹೋರಾಟದಿಂದ ಬಂದ ಆದಾ ಕೊಲಾವು 2015ರಲ್ಲಿ ಮೇಯರ್ ಆದರು. 2016ರಲ್ಲಿ, ಪರವಾನಗಿಯಿಲ್ಲದ ಮನೆಗಳ ಜಾಹೀರಾತು ಪ್ರಕಟಿಸಿದ್ದಕ್ಕೆ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ನಗರ ತಲಾ 6 ಲಕ್ಷ ಯೂರೋ ದಂಡ ವಿಧಿಸಿತು.

ಆದರೂ ಬಾಡಿಗೆ ಇಳಿಯಲಿಲ್ಲ. ಹತ್ತು ವರ್ಷಗಳಲ್ಲಿ ಮನೆ ಬಾಡಿಗೆ ಶೇ 68ರಷ್ಟು, ಮನೆ ಕೊಳ್ಳುವ ಬೆಲೆ ಶೇ 38ರಷ್ಟು ಏರಿದೆ ಎಂದು ಮೇಯರ್ ಜೌಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಹೇಳಿದರು. ಜೊತೆಗೇ ಬಾಂಬು ಹಾಕಿದರು: ನಗರದಲ್ಲಿ ಪರವಾನಗಿ ಪಡೆದಿರುವ 10,101 ಪ್ರವಾಸಿ ಅಪಾರ್ಟ್‌ಮೆಂಟುಗಳ ಪೈಕಿ ಒಂದರ ಪರವಾನಗಿಯನ್ನೂ ನವೀಕರಿಸುವುದಿಲ್ಲ, 2028ರ ನವೆಂಬರ್ ಹೊತ್ತಿಗೆ ಇವೆಲ್ಲ ಮತ್ತೆ ಊರಿನವರ ವಾಸದ ಮನೆಗಳಾಗಬೇಕು. ಮರು ತಿಂಗಳು ಸಾವಿರಾರು ಮಂದಿ ಮೆರವಣಿಗೆ ಹೊರಟರು. ಕೆಲವರು ಹೋಟೆಲುಗಳ ಮುಂದೆ ಕೂತಿದ್ದ ಪ್ರವಾಸಿಗಳ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ್ದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಈ ನಿರ್ಧಾರಕ್ಕೆ ಆಧಾರವಾದ ಕತಲೂನ್ಯಾ ಸರ್ಕಾರದ ಕಾನೂನನ್ನು ಸ್ಪೇನಿನ ಸಂವಿಧಾನ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಇನ್ನೊಂದು ಮಗ್ಗುಲೂ ಇದೆ. ನಗರದ ಒಟ್ಟು ಮನೆಗಳಲ್ಲಿ ನಮ್ಮವು ಶೇ ಒಂದರಷ್ಟೂ ಇಲ್ಲ, ಬಾಡಿಗೆ ಏರಿಕೆಯ ಪಾಪವನ್ನೆಲ್ಲ ನಮ್ಮ ತಲೆಗೆ ಕಟ್ಟುವುದೇಕೆ ಎಂಬುದು ಮಾಲೀಕರ ಸಂಘದ ವಾದ. ಹೊಸ ಮನೆಗಳನ್ನೇ ಸಾಕಷ್ಟು ಕಟ್ಟದೆ ಇದ್ದದ್ದನ್ನು ಕಿತ್ತು ಹಂಚಿದರೆ ಎಷ್ಟು ದಿನ ಎಂದೂ ಕೇಳುವವರಿದ್ದಾರೆ. ಅಪ್ಪ ಬಿಟ್ಟುಹೋದ ಒಂದೇ ಮನೆಯನ್ನು ಪ್ರವಾಸಿಗೆ ಕೊಟ್ಟು ಜೀವನ ಸಾಗಿಸುವವರಿದ್ದಾರೆ. ಹಾಸಿಗೆಯ ಬಟ್ಟೆ ಒಗೆಯುವವರು, ನೆಲ ಒರೆಸುವವರು, ಟ್ಯಾಕ್ಸಿಯವರು, ಖಾನಾವಳಿಯವರು ಇದ್ದಾರೆ. 31 ದಿನ ಮೀರಿದ ಬಾಡಿಗೆಗೆ ಪ್ರವಾಸಿ ಪರವಾನಗಿಯ ನಿಯಮ ತಾಗುವುದಿಲ್ಲವಾದ್ದರಿಂದ ಕೆಲವು ಮಾಲೀಕರು ತಿಂಗಳ ಲೆಕ್ಕಕ್ಕೆ ಜಾರಿದ್ದೂ ಉಂಟು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ಊರಲ್ಲೂ ಇರುತ್ತಾರೆ.

ಬಂದವರ ಧರ್ಮ

ಹಾಗಾದರೆ ಪ್ರವಾಸಿ ಏನು ಮಾಡಬೇಕು? ಪರವಾನಗಿಗಳು ಚಾಲ್ತಿಯಲ್ಲಿರುವಷ್ಟು ಕಾಲ ಇಂಥ ಬಿಡಾರದಲ್ಲಿ ತಂಗುವುದು ತಪ್ಪಲ್ಲ. ಆದರೆ ಕಣ್ಣುಮುಚ್ಚಿ ತಂಗುವುದು ತಪ್ಪು. ಕಾನೂನುಬದ್ಧ ಮನೆಯ ಜಾಹೀರಾತಿನಲ್ಲಿ ಎಚ್‌ಯುಟಿಬಿ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದ ಮನೆ ಎಷ್ಟೇ ಅಗ್ಗವಾದರೂ, ಎಷ್ಟೇ ಅಂದವಾದರೂ ಬೇಡ. ರಾತ್ರಿಗಿಷ್ಟು ಎಂಬ ಪ್ರವಾಸಿ ತೆರಿಗೆ 2012ರಿಂದಲೂ ಇದೆ. ಅದನ್ನು ಗೊಣಗದೆ ಕೊಡಬೇಕು. ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಎಳೆಯದೆ ಎತ್ತಿಕೊಳ್ಳಬೇಕು. ಒಳಚೌಕದ ಕಿಟಕಿಯ ಬಳಿ ರಾತ್ರಿ ದನಿ ತಗ್ಗಿಸಬೇಕು. ಮೆಟ್ಟಿಲಲ್ಲಿ ಎದುರಾದವರಿಗೆ 'ಬೋನ್ ದಿಯಾ' ಎಂದು ಕತಲಾನ್ ನುಡಿಯಲ್ಲಿ ಶುಭೋದಯ ಹೇಳಿದರೆ ಬಿಗಿದ ಮುಖವೂ ಸಡಿಲವಾಗುತ್ತದೆ. ತಮ್ಮ ನುಡಿಯನ್ನು ಒಂದು ಕಾಲದಲ್ಲಿ ಸರ್ವಾಧಿಕಾರಿ ಫ್ರಾಂಕೊ ಆಡಳಿತದಿಂದ ಬಚ್ಚಿಟ್ಟು ಉಳಿಸಿಕೊಂಡವರು ಅವರು.

ಸಾಮಾನು ಕೊಳ್ಳುವುದಿದ್ದರೆ ರಾಂಬ್ಲಾದ ಬೊಕೆರಿಯಾ ಮಾರುಕಟ್ಟೆಯ ಹಣ್ಣಿನ ರಸದ ಸಾಲುಗಳಿಗಿಂತ ತುಸು ಒಳಗಿನ ಸಾಂತಾ ಕತೆರೀನಾ ಮಾರುಕಟ್ಟೆ ಮೇಲು. ಅಲೆಯಂತೆ ಏರಿಳಿಯುವ ಅದರ ಬಣ್ಣಬಣ್ಣದ ಹೆಂಚಿನ ಚಾವಣಿಯಡಿ ಊರಿನ ಹೆಂಗಸರು ಬದನೆ, ಮೆಣಸಿನಕಾಯಿ ಆರಿಸುತ್ತಿರುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲ, 1329ರಿಂದ 1383ರವರೆಗೆ ಕಟ್ಟಿದ ಸಾಂತಾ ಮರಿಯಾ ದೆಲ್ ಮಾರ್, 'ಕಡಲ ಮೇರಿ'ಯ ಚರ್ಚು. ಮುಂಜುಯಿಕ್ ಗುಡ್ಡದಿಂದ ಕಲ್ಲುಗಳನ್ನು ಬಂದರಿನ ಹಮಾಲಿಗಳು ಬೆನ್ನ ಮೇಲೆ ಹೊತ್ತು ತಂದರೆಂಬುದಕ್ಕೆ ಅದರ ಬಾಗಿಲಿನ ಮೇಲೆ ಹೊರೆ ಹೊತ್ತ ಪುಟ್ಟ ಕಂಚಿನ ಮೂರ್ತಿಗಳೇ ಸಾಕ್ಷಿ.

ಚರ್ಚಿನ ಹಿಂದೆ ಕೆಲವೇ ಹೆಜ್ಜೆ ನಡೆದರೆ ಬೋರ್ನ್ ಮಾರುಕಟ್ಟೆ. 1876ರ ಕಬ್ಬಿಣದ ಕಟ್ಟಡ. ಅದನ್ನು ಗ್ರಂಥಾಲಯ ಮಾಡಲೆಂದು ನೆಲ ಅಗೆದಾಗ ಕೆಳಗೆ ಒಂದು ಊರೇ ಸಿಕ್ಕಿತು. 1714ರ ಸೋಲಿನ ನಂತರ ನೆಲಸಮವಾದ ಲಾ ರಿಬೇರಾದ ಬೀದಿಗಳು! ಗ್ರಂಥಾಲಯದ ಯೋಜನೆ ಕೈಬಿಟ್ಟು, 2013ರಲ್ಲಿ ಅದನ್ನು ಸ್ಮಾರಕವಾಗಿ ತೆರೆದರು. ಮೇಲಿನ ಕಟಾಂಜನಕ್ಕೆ ಒರಗಿ ನೋಡಿದರೆ ಕಾಣುವುದು ಸೊಂಟದೆತ್ತರದ ಗೋಡೆಗಳು, ಬಾವಿಗಳು, ಚರಂಡಿ, ಹೊಸಿಲುಗಳು. ಯಾವ ಮನೆಯಲ್ಲಿ ಯಾರಿದ್ದರು, ಏನು ಕಸುಬು ಮಾಡುತ್ತಿದ್ದರು ಎಂಬುದನ್ನು ಹಳೇ ದಸ್ತಾವೇಜುಗಳಿಂದ ಇತಿಹಾಸಕಾರರು ಗುರುತಿಸಿದ್ದಾರೆ. ಮೂರು ಶತಮಾನದ ಹಿಂದೆ ಮನೆ ಕಳೆದುಕೊಂಡವರ ಹೆಸರನ್ನು ಮರೆಯದೆ ಬರೆದಿಟ್ಟ ಊರು, ಇಂದು ಮನೆ ಕಳೆದುಕೊಳ್ಳುತ್ತಿರುವವರ ವಿಷಯದಲ್ಲಿ ಸುಮ್ಮನಿರದು ಎಂಬುದು ಅಲ್ಲಿ ನಿಂತವರಿಗೆ ಯಾರೂ ವಿವರಿಸದೆಯೇ ತಿಳಿಯುತ್ತದೆ.

ಕೊನೆಯ ದಿನ ಪ್ರವಾಸಿ ಬಿಡಾರವನ್ನು ಗುಡಿಸಿ, ಕಸ ಇಳಿಸಿ, ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು ಮೆಟ್ಟಿಲಿಳಿಯುತ್ತಾನೆ. ಕೈಯಲ್ಲಿ ಸೂಟ್‌ಕೇಸು. ಓಣಿಯಲ್ಲಿ ಇನ್ನೂ ಬೆಳಕಿಲ್ಲ. ಎದುರಿನಿಂದ ಕಿತ್ತಳೆ ಸಿಲಿಂಡರುಗಳ ಕೈಗಾಡಿ ಬರುತ್ತಿದೆ. ಗಡಗಡ ಸದ್ದಿಗೆ ಒಂದು ಕಿಟಕಿ ಮುಚ್ಚಿಕೊಳ್ಳುತ್ತದೆ. ಠಣ್ ಎಂಬ ಸದ್ದಿಗೆ ಇನ್ನೊಂದು ಕಿಟಕಿ ತೆರೆಯುತ್ತದೆ.